ಹಳೆಯ ಕಡತ, ಹೊಸ ಕರಣಿಕ

ಕಳೆದ ತಿಂಗಳು ನಾನು ನನ್ನ ಕೃತಕ ಬುದ್ಧಿಮತ್ತೆಯ ಸಹಾಯಕನನ್ನು ಬದಲಾಯಿಸಿದೆನು. ಮನೆ ಬದಲಾಯಿಸುವವರಿಗೆ ನೆರೆಹೊರೆಯವರ ಸಹಾನುಭೂತಿಯಾದರೂ ದೊರೆಯುವುದುಂಟು. ಇಂತಹ ಬದಲಾವಣೆಗೆ ಅದೂ ಇಲ್ಲ. “ಅದರಲ್ಲೇನಿದೆ? ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದರಾಯಿತು” ಎಂದರು ನಮ್ಮ ಕಾಲೇಜಿನ ಇತಿಹಾಸದ ಅಧ್ಯಾಪಕರು. ನಾನೂ ಹಾಗೆಯೇ ಭಾವಿಸಿದ್ದೆನು.

ಎರಡು ವರ್ಷಗಳಿಂದ ಒಂದೇ ಸಹಾಯಕನೊಡನೆ ನನ್ನ ವ್ಯವಹಾರ ನಡೆದಿತ್ತು. (ವ್ಯಾಕರಣದ ಪ್ರಕಾರ ಅದು ನಪುಂಸಕಲಿಂಗ; ಆದುದರಿಂದ ಇನ್ನು ಮುಂದೆ ‘ಅದು’ ಎಂದೇ ಕರೆಯುವೆನು.) ಬಿ.ಎ. ತರಗತಿಯ ಪ್ರಶ್ನಪತ್ರಿಕೆಯ ಕರಡು, ಹಳಗನ್ನಡ ಪಾಠಗಳ ಟಿಪ್ಪಣಿ, ಗೃಹಸಾಲದ ಲೆಕ್ಕ, ತಾಯಿಯವರ ಸಕ್ಕರೆ ಕಾಯಿಲೆಗೆ ಒಪ್ಪುವ ಅಡುಗೆ, ಎಲ್ಲವನ್ನೂ ಅದರ ಮುಂದೆ ತೋಡಿಕೊಂಡಿದ್ದೆನು. ಶಿಷ್ಟ ಕನ್ನಡದಲ್ಲಿ ಉತ್ತರಿಸಬೇಕು, ಹೊಗಳಿಕೆಯಿಂದ ಮಾತು ಆರಂಭಿಸಕೂಡದು, ತನಗೆ ತಿಳಿಯದ ಹಳಗನ್ನಡ ಪದಕ್ಕೆ ಅರ್ಥವನ್ನು ಕಲ್ಪಿಸಿ ಹೇಳಕೂಡದು ಎಂಬುದನ್ನೆಲ್ಲ ಹೇಳಿ ಹೇಳಿ ಕಲಿಸಿದ್ದೆನು. ಕಾಲಕ್ರಮದಲ್ಲಿ ಅದರ ಶುಲ್ಕ ಏರಿತು, ಉತ್ತರದ ಗುಣ ಇಳಿಯಿತು. ಬೇರೊಂದರ ಬಳಿಗೆ ಹೋದೆನು.

ಮೊದಲನೆಯ ದಿನವೇ, “ಹಬ್ಬಕ್ಕೆ ಅಮ್ಮನಿಗಾಗಿ ಏನು ಸಿಹಿ ಮಾಡಬಹುದು?” ಎಂದು ಕೇಳಿದೆನು. ಹೋಳಿಗೆ, ಶಾವಿಗೆ ಪಾಯಸ, ಸಜ್ಜಿಗೆ, ಮೂರನ್ನೂ ಅದು ಮಹದುತ್ಸಾಹದಿಂದ ಸೂಚಿಸಿತು. ತಪ್ಪು ಅದರದಲ್ಲ. ನನ್ನ ಅಮ್ಮನನ್ನು ಅದು ಬಲ್ಲುದಾದರೂ ಹೇಗೆ?

ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹಿಂದೆ ಶಾನುಭೋಗರ ಮನೆಯಲ್ಲಿ ಕಡತವೆಂಬುದು ಇರುತ್ತಿತ್ತು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕ. ಬೇಕಾದುದನ್ನು ಉಳಿಸಬಹುದು, ಬೇಡವಾದುದನ್ನು ಒರೆಸಬಹುದು. ಕರಣಿಕನು ಬದಲಾದರೂ ಕಡತವು ಕೈಯಿಂದ ಕೈಗೆ ಬರುತ್ತಿತ್ತು. ಈ ಯಂತ್ರಗಳ ಸ್ಮರಣೆಯೂ ತತ್ತ್ವತಃ ಕಡತವೇ ಎಂಬುದು ನನಗೆ ತಡವಾಗಿ ಹೊಳೆಯಿತು. ನಾವು ಮಾತನಾಡುತ್ತಿರುವಾಗ ಯಂತ್ರದ ಒಳಗಿನ ಮಾದರಿಯು ನಮ್ಮನ್ನು ಕಲಿತುಕೊಳ್ಳುವುದಿಲ್ಲ. ನಮ್ಮ ಬಗೆಗಿನ ಟಿಪ್ಪಣಿಗಳು ಬೇರೊಂದೆಡೆ ಇರುತ್ತವೆ. ಪ್ರತಿ ಸಲವೂ ಅವನ್ನು ಅದರ ಮುಂದೆ ಹರಡುತ್ತಾರೆ. ಅದು ಓದಿ ಹಳೆಯ ಪರಿಚಯಸ್ಥನಂತೆ ಮಾತನಾಡುತ್ತದೆ.

ಚಾಟ್‌ಜಿಪಿಟಿಯು ೨೦೨೨ರ ನವೆಂಬರಿನಲ್ಲಿ ಹೊರಬಂದಾಗ ಒಂದು ಸಂಭಾಷಣೆಯ ಮಾತು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ೨೦೨೩ರ ಜುಲೈಯಲ್ಲಿ, ನಮ್ಮ ಪರಿಚಯವನ್ನು ನಾವೇ ಬರೆದಿಡುವ ಅನುಕೂಲ ಬಂದಿತು. ೨೦೨೪ರ ಫೆಬ್ರವರಿಯಲ್ಲಿ, ಯಂತ್ರವೇ ಟಿಪ್ಪಣಿ ಮಾಡಿಕೊಳ್ಳುವ ಪ್ರಯೋಗ ಆರಂಭವಾಯಿತು. ೨೦೨೫ರ ಏಪ್ರಿಲಿನಲ್ಲಿ, ಹಳೆಯ ಸಂಭಾಷಣೆಗಳನ್ನೆಲ್ಲ ನೆನೆದು ಉತ್ತರಿಸುವ ಶಕ್ತಿ ಬಂದಿತು. ಇತರ ಸಂಸ್ಥೆಗಳೂ ಇದೇ ಹಾದಿಯನ್ನು ಹಿಡಿದಿವೆ. ಮೊದಲಿನೆರಡನ್ನು ಕಣ್ಣಿನಿಂದ ಓದಬಹುದು, ನಕಲು ಮಾಡಬಹುದು. ಮೂರನೆಯದು ಹೂವಿನ ವಾಸನೆಯಂತೆ. ಇದೆಯೆಂದು ತಿಳಿಯುತ್ತದೆ, ಗಂಟು ಕಟ್ಟಲು ಬಾರದು.

ಇಡೀ ಸಂಭಾಷಣೆಯನ್ನು ತರಿಸಿಕೊಳ್ಳುವ ಉಪಾಯವೂ ಉಂಟು. ಹಲವು ಸಂಸ್ಥೆಗಳು ಕೇಳಿದವರಿಗೆ ಅದನ್ನು ಕಟ್ಟು ಕಟ್ಟಿ ಕಳುಹಿಸುತ್ತವೆ. ನಾನೂ ತರಿಸಿದೆನು. ಅದು ಅಟ್ಟದ ಮೇಲಿನ ಹಳೆಯ ಟ್ರಂಕಿನಂತೆ. ಎಲ್ಲವೂ ಇದೆ, ಬೇಕಾದುದು ಸಿಕ್ಕದು. ಆದುದರಿಂದ ಹಳೆಯ ಸಹಾಯಕನನ್ನೇ ಕೇಳಿದೆನು: “ನನ್ನ ವಿಷಯವಾಗಿ ಬರೆದಿಟ್ಟುಕೊಂಡಿರುವುದನ್ನೆಲ್ಲ ಒಂದೂ ಬಿಡದೆ ಒಪ್ಪಿಸು.”

ಒಪ್ಪಿಸಿತು. ನಲವತ್ತೊಂದು ಸಾಲುಗಳು. ಅಧ್ಯಾಪಕರು, ಸರಿ. ಸಸ್ಯಾಹಾರಿಗಳು, ಸರಿ. ‘ಕವಿಗಳು’ ಎಂದಿತ್ತು! ಭಾವಮೈದುನನ ಮದುವೆಗೆ ಒಮ್ಮೆ ನಾಲ್ಕು ಪ್ರಾಸ ಕೇಳಿದ್ದುದರ ಫಲ. ‘ಮೊಣಕಾಲು ನೋವುಳ್ಳವರು’, ಆ ನೋವು ಪಕ್ಕದ ಮನೆಯ ಯಜಮಾನರದು. ಅರ್ಥವನ್ನು ಕಲ್ಪಿಸಕೂಡದೆಂದು ನಾನು ಪರಿಪರಿಯಾಗಿ ಹೇಳಿದ್ದುದು ‘ಸಂಕ್ಷಿಪ್ತ ಅರ್ಥವನ್ನು ಇಷ್ಟಪಡುತ್ತಾರೆ’ ಎಂದಾಗಿ ಕುಳಿತಿತ್ತು. ಸಾರಾಂಶವೆಂಬುದು ಹೀಗೆಯೇ, ಮಾತನ್ನು ಉಳಿಸಿ ಕಾರಣವನ್ನು ಕಳೆಯುತ್ತದೆ.

ಇಪ್ಪತ್ತೊಂಬತ್ತನೆಯ ಸಾಲನ್ನು ಓದಿದಾಗ ನಗು ನಿಂತುಹೋಯಿತು. ನಮ್ಮ ವಿದ್ಯಾರ್ಥಿನಿಯೊಬ್ಬಳ ಹೆಸರು, ಅವಳ ಊರು, ತಂದೆಯ ಕುಡಿತ, ಶುಲ್ಕ ಕಟ್ಟಲಾಗದ ಸಂಕಟ. ಅವಳ ಪರವಾಗಿ ಪ್ರಾಂಶುಪಾಲರಿಗೊಂದು ಅರ್ಜಿ ಬರೆಯಲು ನಾನೇ ಇದನ್ನೆಲ್ಲ ಹೇಳಿದ್ದೆನು. ಅವಳು ಕಣ್ಣೀರಿಟ್ಟು ಹೇಳಿದುದು ನನಗೆ. ನಾನು ಅದನ್ನು ಎಲ್ಲಿಟ್ಟಿದ್ದೇನೆಂಬುದು ಅವಳಿಗೆ ತಿಳಿಯದು. ಈಗ ನನ್ನ ಗಂಟುಮೂಟೆಯೊಡನೆ ಅದನ್ನು ಎರಡನೆಯ ಮನೆಗೂ ಒಯ್ಯಲಿದ್ದೆನು.

ಆ ಸಾಲನ್ನು ಹೊಡೆದು ಹಾಕಿದೆನು. ಹಳೆಯ ಕಡೆಯಲ್ಲಿಯೂ ಅಳಿಸಲು ಹೋದಾಗ ಇನ್ನೊಂದು ಪಾಠವಾಯಿತು: ಟಿಪ್ಪಣಿಯನ್ನು ಅಳಿಸಿದರೆ ಅದು ಹುಟ್ಟಿದ ಸಂಭಾಷಣೆ ಅಳಿಯುವುದಿಲ್ಲ. ಅದನ್ನು ಹುಡುಕಿ ಬೇರೆಯಾಗಿ ಅಳಿಸಲು ಅರ್ಧ ರಾತ್ರಿ ಹಿಡಿಯಿತು. ಅಳಿಸಿದುದನ್ನು ಸಂಸ್ಥೆಯವರು ಇನ್ನೂ ಕೆಲವು ದಿನ ಇಟ್ಟುಕೊಂಡಿರುವುದೂ ಉಂಟಂತೆ.

ಕಾನೂನು ಏನೆನ್ನುತ್ತದೆ? ನಮ್ಮ ದೇಶದಲ್ಲಿ ೨೦೧೧ರ ಜನವರಿ ೨೦ರಿಂದ ಮೊಬೈಲ್ ಸಂಖ್ಯೆಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕು ದೇಶಾದ್ಯಂತ ದೊರೆತಿದೆ. ಮಾಹಿತಿಯ ವಿಷಯದಲ್ಲಿ ಐರೋಪ್ಯ ಒಕ್ಕೂಟದವರು ೨೦೧೮ರ ಮೇ ೨೫ರಿಂದ ಅಂತಹುದೇ ಹಕ್ಕನ್ನು ಜಾರಿಗೆ ತಂದರು. ಅಲ್ಲಿಯೂ ನಾವು ಕೊಟ್ಟ ಮಾಹಿತಿಯಷ್ಟೇ ಅದರ ವ್ಯಾಪ್ತಿ; ಅದರಿಂದ ಅವರು ಊಹಿಸಿದುದು ಅದಕ್ಕೆ ಸೇರುವುದಿಲ್ಲ. ನಮ್ಮಲ್ಲಿ ೨೦೧೯ರ ಮಸೂದೆಯಲ್ಲಿ ಈ ಹಕ್ಕು ಇದ್ದಿತು. ೨೦೨೩ರ ಕಾಯಿದೆಯಲ್ಲಿ ತಿದ್ದಿಸುವ, ಅಳಿಸುವ ಹಕ್ಕುಗಳು ಉಳಿದು, ಒಯ್ಯುವ ಹಕ್ಕು ಕೈಬಿಟ್ಟುಹೋಯಿತು. ಏಕೆ ಬಿಟ್ಟರೋ! ನನಗಂತೂ ಅದು ಸರಿಯೆನಿಸದು.

ಕಡೆಗೆ ನನ್ನ ಕಡತವನ್ನು ನಾನೇ ಬರೆದೆನು, ಒಂದೂವರೆ ಪುಟ, ಸಾದಾ ಅಕ್ಷರದ ಒಂದು ಕಡತಪತ್ರ, ಮೇಲೆ ತಾರೀಖು. ಅದು ನನ್ನ ಬಳಿಯೇ ಇರುತ್ತದೆ. ಯಾವ ಸಹಾಯಕನಿಗೆ ಬೇಕಾದರೂ ನಕಲು ಕೊಡಬಹುದು. ಪ್ರತಿಯೊಂದು ನಿಯಮಕ್ಕೂ ಕಾರಣವನ್ನು ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ಅಗ್ಗವೆಂದು ಒಬ್ಬ ಗೆಳೆಯರು ಸಲಹೆಯಿತ್ತರು. ಅದು ನಿಜ, ಯಂತ್ರಗಳು ಬರೆಹವನ್ನು ಚೂರುಚೂರಾಗಿ ಒಡೆದು ಓದುತ್ತವೆ, ಅದೇ ವಿಷಯಕ್ಕೆ ಕನ್ನಡವು ಸಾಮಾನ್ಯವಾಗಿ ಇಂಗ್ಲಿಷಿಗಿಂತ ಹೆಚ್ಚು ಚೂರುಗಳಾಗುತ್ತದೆ, ಒಮ್ಮೆಗೆ ಅವು ಗಮನದಲ್ಲಿಡಬಲ್ಲ ಚೂರುಗಳಿಗೆ ಮಿತಿಯಿದೆ. ಆದರೂ ಕನ್ನಡದಲ್ಲೇ ಬರೆದೆನು. ನನಗೆ ಯಾವ ಕನ್ನಡ ಬೇಕೆಂಬುದನ್ನು ಕನ್ನಡದಲ್ಲಲ್ಲದೆ ಹೇಗೆ ತಿಳಿಸಲಿ?

ಹೊಸತಕ್ಕೆ ಅದನ್ನು ಕೊಟ್ಟು ಹಬ್ಬದ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದೆನು. ಹೆಸರುಬೇಳೆ ಕೋಸಂಬರಿಯಿಂದ ಆರಂಭಿಸಿತು. ಸಿಹಿಯ ಮಾತಿಗೆ ಬಂದಾಗ ವೈದ್ಯರನ್ನು ಕೇಳಿರೆಂದಿತು. ಸಂತೋಷದಿಂದ ಅಮ್ಮನಿಗೆ ಓದಿ ಹೇಳಿದೆನು.

“ನನಗೆ ಸಕ್ಕರೆ ಕಾಯಿಲೆಯೆಂದು ಅದಕ್ಕೆ ಹೇಳಿದವರಾರು?” ಎಂದರು ಅಮ್ಮ.

“ನಾನೇ.”

“ನನ್ನನ್ನು ಕೇಳಿದೆಯಾ?”

ಸದ್ಯಕ್ಕೆ ಆ ಸಾಲಿನಲ್ಲಿ ‘ಮನೆಯಲ್ಲೊಬ್ಬರಿಗೆ’ ಎಂದು ಮಾತ್ರ ಇದೆ. ಅಮ್ಮ ಅದನ್ನೂ ಓದಿಸಿ ಕೇಳಿ, ಆಗಲಿ ಎಂದಿದ್ದಾರೆ.