ಹಚ್ಚೆ ಹೋಗಲಿಲ್ಲ, ಕಲೆಯೂ ಉಳಿಯಿತು

ನನ್ನ ರೂಮ್‌ಮೇಟ್ ಪಿಯುಸಿ ಮುಗಿಸಿದ ರಜೆಯಲ್ಲಿ ಊರ ಜಾತ್ರೆಗೆ ಹೋಗಿ ಬಲ ಮುಂಗೈ ಮೇಲೆ ಹುಡುಗಿಯೊಬ್ಬಳ ಹೆಸರಿನ ಹಚ್ಚೆ ಹಾಕಿಸಿಕೊಂಡಿದ್ದ. ಹತ್ತು ನಿಮಿಷದ ಕೆಲಸ. ಮೂರು ವರ್ಷದ ನಂತರ ಅರೆಸೇನಾ ಪಡೆಯ ಲಿಖಿತ ಪರೀಕ್ಷೆಯಲ್ಲಿ ಪಾಸಾದ, ಓಟದಲ್ಲೂ ಪಾಸಾದ. ಆಗ ಯಾರೋ ನೆನಪಿಸಿದರು: ಸೆಲ್ಯೂಟ್ ಹೊಡೆಯುವ ಬಲ ಮುಂಗೈಯಲ್ಲಿ ಹಚ್ಚೆ ಇರುವಂತಿಲ್ಲ.

ವೈದ್ಯಕೀಯ ಪರೀಕ್ಷೆಗೆ ಹದಿನೈದೇ ದಿನ ಉಳಿದಿತ್ತು. ‘ಒಂದೇ ಸಲಕ್ಕೆ ತೆಗೆದುಕೊಡ್ತೀವಿ’ ಎಂದವರ ಬಳಿ ಹೋದ. ತಿರುಗುವ ಸಣ್ಣ ಚಕ್ರದಿಂದ ಚರ್ಮ ಉಜ್ಜಿ ಪಟ್ಟಿ ಕಟ್ಟಿದರು. ಗಾಯ ಕೀವಾಯಿತು. ಪರೀಕ್ಷೆಯ ದಿನ ಪಟ್ಟಿ ಬಿಚ್ಚಿದರೆ ಕೆಂಪು ಗಾಯದ ನಡುವೆ ನೀಲಿ ಅಕ್ಷರಗಳು ಹಾಗೇ ಇದ್ದವು. ಕೆಲಸ ಕೈತಪ್ಪಿತು.

ತಪ್ಪಾಗಿದ್ದು ಎಲ್ಲಿ? ನಮ್ಮ ಚರ್ಮದ ಮೇಲ್ಪದರ ಸುಮಾರು ತಿಂಗಳಿಗೊಮ್ಮೆ ಉದುರಿ ಹೊಸದಾಗುತ್ತದೆ. ಹಚ್ಚೆಯ ಶಾಯಿ ಇರುವುದು ಅದರ ಕೆಳಗಿನ ಪದರದಲ್ಲಿ. ಮೇಲೆ ಮೇಲೆ ಉಜ್ಜಿದರೆ ಶಾಯಿ ಹೋಗದು, ಆಳಕ್ಕೆ ಉಜ್ಜಿದರೆ ಕಲೆ ಹೋಗದು. ಚರ್ಮತಜ್ಞರು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಎಚ್ಚರದಿಂದ ಮಾಡಿದರೂ ನಮ್ಮಂಥ ಕಂದು ಚರ್ಮದಲ್ಲಿ ಕಪ್ಪು ಅಥವಾ ಬಿಳಿ ಮಚ್ಚೆ, ಉಬ್ಬಿದ ಗಾಯದ ಗಂಟು ಉಳಿಯುವ ಅಪಾಯ ಹೆಚ್ಚು. ಮನೆಯಲ್ಲೇ ಉಪ್ಪು ತಿಕ್ಕುವುದಂತೂ ಗಾಯವನ್ನು ಕರೆದು ತಂದಂತೆ.

ಹಾಗಾಗಿಯೇ ವೈದ್ಯರು ಈಗ ಹೆಚ್ಚಾಗಿ ಲೇಸರ್ ಸೂಚಿಸುತ್ತಾರೆ. ಅದು ಶಾಯಿಯನ್ನು ಪುಡಿ ಮಾಡುತ್ತದೆ, ದೇಹವೇ ನಿಧಾನವಾಗಿ ಅದನ್ನು ಸಾಗಿಸುತ್ತದೆ. ಆದರೆ ಪ್ರತಿ ಸಲಕ್ಕೂ ಆರರಿಂದ ಎಂಟು ವಾರಗಳ ಅಂತರ ಬೇಕು, ಹಲವು ಸಲ ಹೋಗಬೇಕು. ಕಪ್ಪು ಶಾಯಿ ಬೇಗ ಮಾಸುತ್ತದೆ, ಹಸಿರು, ಹಳದಿ ಹಟಮಾರಿಗಳು. ಅಂದರೆ ಅರ್ಜಿ ಹಾಕಿದ ಮೇಲೆ ಅಲ್ಲ, ವರ್ಷದ ಮೊದಲೇ ಯೋಚಿಸಬೇಕು.

ನಿಯಮಗಳೇನೂ ಗುಟ್ಟಲ್ಲ. ಭೂಸೇನೆಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಮುಂಗೈಯ ಒಳಭಾಗದಲ್ಲಿ ಮತ್ತು ಅಂಗೈಯ ಹಿಂಬದಿಯಲ್ಲಿ ಹಚ್ಚೆಗೆ ಅವಕಾಶವಿದೆ. ಬುಡಕಟ್ಟು ಸಮುದಾಯದವರಿಗೆ ಸಂಪ್ರದಾಯದ ವಿನಾಯಿತಿಯೂ ಇದೆ. ಅರೆಸೇನಾ ಪಡೆಗಳಲ್ಲಿ ಮುಂಗೈ ಎಂದರೆ ಎಡಗೈ ಮಾತ್ರ, ಅದೂ ಆ ಭಾಗದ ಕಾಲು ಪಾಲಿಗಿಂತ ಚಿಕ್ಕದಿರಬೇಕು. ಎತ್ತರ, ಎದೆ ಸುತ್ತಳತೆಯನ್ನು ಮೊದಲ ದಿನವೇ ಅಳೆಯುವ ಕೋಚಿಂಗ್ ಸೆಂಟರ್‌ಗಳು ಅಂದೇ ಇದನ್ನೂ ಯಾಕೆ ಹೇಳಬಾರದು?

ಸತ್ತಾಗ ಜೊತೆಗೆ ಬರುವ ಒಡವೆ ಹಚ್ಚೆ ಒಂದೇ ಎನ್ನುತ್ತಿದ್ದಳು ನನ್ನಜ್ಜಿ. ಅಷ್ಟು ದೂರ ಬರುವುದನ್ನು ಹತ್ತು ನಿಮಿಷದಲ್ಲಿ ಆರಿಸಿಕೊಳ್ಳುವುದು ಬೇಡ, ಹದಿನೈದು ದಿನದಲ್ಲಿ ಕಿತ್ತುಹಾಕಲು ಹೊರಡುವುದೂ ಬೇಡ.