ಕಟ್ಟೋಕೆ 11 ದಿನ, ಮುಗಿಸೋಕೆ ಎರಡು ತಿಂಗಳು

ನಮ್ಮ ಹಳ್ಳಿಗಳಲ್ಲಿ ಅರ್ಧಂಬರ್ಧ ಮುಗಿದ ವಸ್ತುಗಳೇ ಜಾಸ್ತಿ. ಪಂಪ್‌ಹೌಸಿಗೆ ಬಾಗಿಲಿರುತ್ತೆ, ಚಿಲಕ ಇರಲ್ಲ. ಕೊಟ್ಟಿಗೆಗೆ ಶೀಟು ಹೊದಿಸಿರುತ್ತೆ, ಮಳೆನೀರು ಹೋಗೋಕೆ ದೋಣಿ ಇರಲ್ಲ. ಸ್ಟಾರ್ಟರ್ ಪೆಟ್ಟಿಗೆಗೆ ಮುಚ್ಚಳ ಇರಲ್ಲ, ಒಳಗೆ ಹಲ್ಲಿ ಸತ್ತು ಬಿದ್ದಿರುತ್ತೆ. ಕೇಳಿದ್ರೆ "ಅಯ್ಯೋ ನಡೆಯುತ್ತೆ ಬಿಡಿ" ಅಂತಾರೆ. ನಡೆಯೋದೇನೋ ನಡೆಯುತ್ತೆ. ಆದರೆ ಮಳೆ, ಇಲಿ, ಹಾವು, ಕರೆಂಟು ಇವು ನಾಲ್ಕೂ ಒಳಗೆ ಬರೋದು ನಾವು "ನಡೆಯುತ್ತೆ" ಅಂತ ಬಿಟ್ಟ ಜಾಗದಿಂದಲೇ. ಇವತ್ತಿನ ಬರಹ ಅದರ ಬಗ್ಗೆ.

ಈ ಬೇಸಿಗೆಯಲ್ಲಿ ನಾನು ಗಾಲಿ ಮೇಲೆ ಒಂದು ಮಲಗೋ ಗೂಡು ಕಟ್ಟಿದೆ. ನಾಲ್ಕಡಿ ಅಗಲ, ಎಂಟಡಿ ಉದ್ದ, ಒಳಗೆ ನಾಲ್ಕಡಿ ಎತ್ತರ. ಕೂರಬಹುದು, ಮಲಗಬಹುದು, ನಿಲ್ಲೋಕಾಗಲ್ಲ. ಅಮೆರಿಕದಲ್ಲಿ ಇಂಥದ್ದಕ್ಕೆ ಟಿಯರ್‌ಡ್ರಾಪ್ ಟ್ರೇಲರ್ ಅಂತಾರೆ. ಮುಂದೆ ದುಂಡಗೆ, ಹಿಂದೆ ಸಣ್ಣಗೆ ಇಳಿದು, ಪಕ್ಕದಿಂದ ನೋಡಿದ್ರೆ ಕಣ್ಣೀರ ಹನಿ ಥರ ಕಾಣುತ್ತೆ. 1930ರ ದಶಕದಿಂದಲೂ ಅಲ್ಲಿ ಜನ ಮನೆ ಹಿತ್ತಲಲ್ಲಿ ಇದನ್ನ ಕಟ್ಟಿಕೊಂಡು ಕಾರಿಗೆ ಸಿಕ್ಕಿಸಿಕೊಂಡು ಊರೂರು ಸುತ್ತಿದಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಕ್ಕಿದ ಅಲ್ಯೂಮಿನಿಯಂ ಹಾಳೆ ಇದಕ್ಕೆ ಒದಗಿ ಬಂತು. ಪಾಪ್ಯುಲರ್ ಮೆಕ್ಯಾನಿಕ್ಸ್‌ನಂಥ ಪತ್ರಿಕೆಗಳು ನಕ್ಷೆ ಅಚ್ಚು ಹಾಕ್ತಿದ್ದವು. ಹೆಸರು ಕೇಳಿ ನಮ್ಮನೆಯವರು "ರೈತ ಕಟ್ಟೋ ಗಾಡಿಗೂ ಕಣ್ಣೀರು ಅಂತಲೇ ಹೆಸರಿರಬೇಕಿತ್ತಾ?" ಅಂದ್ರು. ಹಾಗಾಗಿ ನಮ್ಮನೇಲಿ ಅದು ಬರೀ "ಗೂಡು".

ನನಗೆ ಊರು ಸುತ್ತೋಕೆ ಬೇಕಿರಲಿಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡೋದು ದಿನಕ್ಕೆ 7 ಗಂಟೆ ಅಂತ ಲೆಕ್ಕ. ಆ 7 ಗಂಟೆಯಲ್ಲಿ ಒಂದಿಷ್ಟು ಯಾವಾಗಲೂ ರಾತ್ರಿಗೇ ಬೀಳುತ್ತೆ. ಅದರ ಮೇಲೆ ಹಂದಿ ಕಾವಲು. ರಾಗಿ ತೆನೆ ಕಟ್ಟಿದ ಮೇಲೆ, ಜೋಳ ಹಾಲು ತುಂಬಿದ ಮೇಲೆ ಹೊಲ ಬಿಟ್ಟು ಮನೇಲಿ ಮಲಗಿದವನಿಗೆ ಬೆಳಗ್ಗೆ ಬರೀ ದಂಟು. ವರ್ಷಕ್ಕೆ ಎಷ್ಟು ರಾತ್ರಿ ನಾವು ಹೊಲದಲ್ಲೇ ಮಲಗ್ತೀವಿ, ಒಂದ್ಸಲ ಎಣಿಸಿ ನೋಡಿ. ಎಲ್ಲಿ ಮಲಗ್ತೀವಿ ಅನ್ನೋದನ್ನೂ ನೆನೆಸಿಕೊಳ್ಳಿ. ಪಂಪ್‌ಹೌಸಿನ ನೆಲದ ಮೇಲೆ, ಗೊಬ್ಬರದ ಚೀಲ ಹಾಸಿಕೊಂಡು.

ಕಟ್ಟುಹಾವು ಕಡಿಯೋದು ಹೆಚ್ಚಾಗಿ ಹೀಗೆ ನೆಲದ ಮೇಲೆ ಮಲಗಿದವರನ್ನೇ, ಅದೂ ರಾತ್ರಿ ಹೊತ್ತು. ಕಚ್ಚಿದ ಗುರುತು ಕಾಣಲ್ಲ, ನೋವೂ ಅಷ್ಟಾಗಿ ಇರಲ್ಲ. ಎಷ್ಟೋ ಜನಕ್ಕೆ ಕಚ್ಚಿದ್ದೇ ಗೊತ್ತಾಗದೆ, ಬೆಳಗಾಗೋ ಹೊತ್ತಿಗೆ ರೆಪ್ಪೆ ಜೋತುಬಿದ್ದು ಉಸಿರು ಕಟ್ಟುತ್ತೆ. ಹಾವು ಕಡಿತವನ್ನ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ 2024ರಲ್ಲಿ ನಮ್ಮ ರಾಜ್ಯ ಆದೇಶ ಮಾಡಿತು. ಒಳ್ಳೇದೇ. ಆದರೆ ವರದಿ ಬರೆಯೋದು ಕಚ್ಚಿದ ಮೇಲೆ. ಕಚ್ಚದ ಹಾಗೆ ಮಲಗೋದು ನಮ್ಮ ಕೈಯಲ್ಲಿದೆ. ನೆಲದಿಂದ ಒಂದೂವರೆ ಅಡಿ ಎತ್ತರ, ಸಂದು ಇಲ್ಲದ ಗೋಡೆ, ಸರಿಯಾಗಿ ಕೂರೋ ಬಾಗಿಲು. ಇಷ್ಟೇ ಬೇಕಾಗಿದ್ದು.

ಕಟ್ಟೋ ಕೆಲಸ ಬೇಗ ಆಯ್ತು. 40-40ರ ಚೌಕ ಪೈಪು, 2 ಮಿಮೀ ದಪ್ಪದ್ದು, ವೆಲ್ಡಿಂಗ್ ಅಂಗಡಿಯಲ್ಲಿ ಎರಡು ದಿನ. ಹಳೇ ಆಕ್ಸಲ್, ಎರಡು ಗಾಲಿ. ಪಕ್ಕದ ಗೋಡೆಗೆ ಒಂದೊಂದು ಎಂಟು-ನಾಲ್ಕರ ಪ್ಲೈವುಡ್ ಹಾಳೆ, ಅದಕ್ಕೇ ಅಳತೆ ಎಂಟು-ನಾಲ್ಕು ಇಟ್ಟಿದ್ದು. ಬಾಗಿದ ಚಾವಣಿಗೆ 4 ಮಿಮೀ ಪ್ಲೈವುಡ್ ಎರಡು ಪದರ, ಮೇಲೆ ಅಲ್ಯೂಮಿನಿಯಂ ಹಾಳೆ. 11ನೇ ದಿನ ಸಂಜೆ ಗೂಡು ನಿಂತಿತ್ತು. ಊರವರು ಬಂದು ಫೋಟೋ ತೆಗೆದುಕೊಂಡು ಹೋದ್ರು. ಪಕ್ಕದ ಹೊಲದವನು "ಅಣ್ಣಾ, ಮುಗೀತಲ್ಲ, ಇವತ್ತೇ ಮಲಗಿಬಿಡು" ಅಂದ.

ಮುಗಿದಿರಲಿಲ್ಲ. ನಮ್ಮ ಆಚಾರ್ರು ಸುತ್ತ ಒಂದು ಸಲ ಬಂದು, "ಗೌಡ್ರೇ, ಇದು ಈಗ ನೋಡೋರ ಪಾಲಿಗೆ ಮನೆ, ಮಳೆ ಪಾಲಿಗೆ ಜರಡಿ" ಅಂದ್ರು. ಅಲ್ಲಿಂದ ಎರಡು ತಿಂಗಳು, ದಿನಾ ಸಂಜೆ ಹಾಲು ಕರೆದ ಮೇಲೆ ಒಂದೂವರೆ ಗಂಟೆ. ಆ ಎರಡು ತಿಂಗಳಲ್ಲಿ ಏನೇನು ಮಾಡಿದ್ವಿ ಅನ್ನೋದನ್ನ ವಿವರವಾಗಿ ಹೇಳ್ತೀನಿ. ಗೂಡು ಕಟ್ಟದೇ ಇರೋರಿಗೂ ಉಪಯೋಗಕ್ಕೆ ಬರುತ್ತೆ.

ಮೊದಲನೇದು ಅಂಚು. ಪ್ಲೈವುಡ್ ನೀರು ಕುಡಿಯೋದು ಮುಖದಿಂದ ಅಲ್ಲ, ಕೊಯ್ದ ಅಂಚಿನಿಂದ. ಐಎಸ್ 710ರ ಮರೀನ್ ಪ್ಲೈವುಡ್ ಆದ್ರೂ ಅಂಟು ತಡೆಯುತ್ತೆ, ಮರ ನೀರು ಹೀರೋದು ಹೀರುತ್ತೆ. ಹಾಗಾಗಿ ಪ್ರತಿ ಅಂಚಿಗೂ, ಪ್ರತಿ ತೂತಿಗೂ, ಬಾಗಿಲು ಕೊಯ್ದ ಜಾಗಕ್ಕೂ ಮೂರು ಸಲ ಪ್ರೈಮರ್ ಕುಡಿಸಿದ್ವಿ. ಒಂದು ಸಲ ಬಳಿದದ್ದು ಪೂರ್ತಿ ಒಣಗಿದ ಮೇಲೇ ಇನ್ನೊಂದು. ಈ ಕೆಲಸ ಕಣ್ಣಿಗೆ ಕಾಣಲ್ಲ, ಫೋಟೋದಲ್ಲೂ ಬರಲ್ಲ. ಅದಕ್ಕೇ ಯಾರೂ ಮಾಡಲ್ಲ.

ಎರಡನೇದು ಸಂದು. ಚಾವಣಿ ಗೋಡೆಗೆ ಸೇರೋ ಕಡೆ ಸೀಲೆಂಟ್ ಬೇಕು. ಅಂಗಡಿಯವರು ಸಾಮಾನ್ಯವಾಗಿ ಸಿಲಿಕೋನ್ ಕೊಡ್ತಾರೆ. ಸಿಲಿಕೋನ್ ಮೇಲೆ ಬಣ್ಣ ಹಿಡಿಯಲ್ಲ, ಕಿತ್ತು ಮತ್ತೆ ಹಾಕೋದೂ ಕಷ್ಟ. ಪಿಯು ಸೀಲೆಂಟ್ ಕೇಳಿ ತಗೊಳ್ಳಿ, ಬಣ್ಣ ನಿಲ್ಲುತ್ತೆ. ಅಲ್ಯೂಮಿನಿಯಂ ಹಾಳೆಗೆ ಬರೀ ಕಬ್ಬಿಣದ ಸ್ಕ್ರೂ ನೇರವಾಗಿ ತಾಗಬಾರದು, ತೇವ ಸೇರಿದರೆ ಆ ಜಾಗದಲ್ಲಿ ಹಾಳೆ ತಿಂದು ಹೋಗುತ್ತೆ. ರಬ್ಬರ್ ವಾಷರ್ ಹಾಕಲೇಬೇಕು.

ಮೂರನೇದು ಸೆಕೆ, ಉಸಿರು. ಅಲ್ಯೂಮಿನಿಯಂ ಕೆಳಗೆ ಮಲಗಿದವನ ಉಸಿರಿನ ತೇವ ಚಳಿಗಾಲದ ರಾತ್ರೀಲಿ ಹನಿಯಾಗಿ ತೊಟ್ಟಿಕ್ಕುತ್ತೆ. ಅದಕ್ಕೆ ನಡುವೆ ಒಂದಿಂಚು ಥರ್ಮೋಕೋಲ್. ರಬ್ಬರ್ ಅಂಟು ಹಚ್ಚಿದ್ರೆ ಥರ್ಮೋಕೋಲ್ ಕರಗಿ ಹೋಗುತ್ತೆ, ನೀರಲ್ಲಿ ಕಲಸೋ ಬಿಳಿ ಅಂಟೇ ಬೇಕು. ಮೇಲೊಂದು, ಕೆಳಗೊಂದು ಗಾಳಿಕಿಂಡಿ, ಎರಡಕ್ಕೂ ಇಲಿ ಕಡಿಯದ ಸ್ಟೀಲ್ ಜಾಲರಿ. ಇನ್ನೊಂದು ಮಾತು, ದಯವಿಟ್ಟು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ: ಇಂಥ ಗೂಡಿನೊಳಗೆ ಚಳಿಗೆ ಅಂತ ಕೆಂಡದ ಬಾಣಲೆ ಇಡಬಾರದು. ಕೆಂಡದ ಗಾಳಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತೆ. ಟೀ ಕಾಯಿಸೋದೆಲ್ಲ ಹೊರಗೆ, ಹಿಂದಿನ ಮುಚ್ಚಳ ಎತ್ತಿ.

ನಾಲ್ಕನೇದು ಭಾರ. ಎತ್ತಿನ ಗಾಡಿ ಹೇರಿದವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಹಿಂಭಾರ ಆದ್ರೆ ಮೂಕಿ ಮೇಲಕ್ಕೆದ್ದು ಎತ್ತಿನ ಕತ್ತು ಹಿಸುಕುತ್ತೆ, ಮುಂಭಾರ ಜಾಸ್ತಿ ಆದ್ರೆ ಹೆಗಲು ಹುಣ್ಣಾಗುತ್ತೆ. ಟ್ರೇಲರಿಗೂ ಅದೇ ನ್ಯಾಯ. ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಮೂಕಿ ಮೇಲೆ ಕೂರಬೇಕು, ಇಲ್ಲದಿದ್ರೆ ವೇಗದಲ್ಲಿ ಬಾಲ ಅಲ್ಲಾಡಿಸುತ್ತೆ. ಕೊಬ್ಬರಿ ತೂಗೋ ಯಂತ್ರದ ಮೇಲೆ ಒಂದೊಂದೇ ಗಾಲಿ ಹತ್ತಿಸಿ, ಆಮೇಲೆ ಮೂಕಿ ಇಟ್ಟು ತೂಗಿದ್ವಿ. ಹಾಸಿಗೆ, ನೀರು ಎಲ್ಲ ಸೇರಿ 380 ಕೆಜಿ, ಮೂಕಿ ಮೇಲೆ 46. ಅಡುಗೆ ಪೆಟ್ಟಿಗೆ ಹಿಂದೆ ಇರೋದರಿಂದ 20 ಲೀಟರಿನ ನೀರಿನ ಕ್ಯಾನು ಮುಂದೆ ಇಟ್ಟು ಸರಿದೂಗಿಸಿದ್ದು.

ಐದನೇದು ಬೆಳಕು. ಔಷಧಿ ಹೊಡೆಯೋ ಬ್ಯಾಟರಿ ಪಂಪಿನ 12 ವೋಲ್ಟ್ 8 ಆಂಪಿಯರ್ ಅವರ್ ಬ್ಯಾಟರಿಯೇ ಸಾಕಾಯ್ತು. ಅದರಲ್ಲಿ ಸುಮಾರು 96 ವ್ಯಾಟ್ ಅವರ್ ಇರುತ್ತೆ. 3 ವ್ಯಾಟಿನ ಎಲ್‌ಇಡಿ ರಾತ್ರಿ ಹತ್ತು ಗಂಟೆ ಉರಿದ್ರೂ 30. ಮಿಕ್ಕಿದ್ದರಲ್ಲಿ ಫೋನು. ಆದರೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಬೇಕು. ಮರದ ಪೆಟ್ಟಿಗೆಯಲ್ಲಿ ಮಲಗೋನು ಹತ್ತು ರೂಪಾಯಿ ಫ್ಯೂಸಿಗೆ ಜಿಪುಣತನ ಮಾಡಬಾರದು.

ಇಷ್ಟೆಲ್ಲ ಹೇಳಿದ ಮೇಲೆ ಹಿರಿಯರು ಒಂದು ಮಾತು ಎತ್ತೇ ಎತ್ತುತ್ತಾರೆ. "ನಮ್ಮಪ್ಪಂದಿರು ಅಟ್ಟಣೆ ಮೇಲೆ ಕಂಬಳಿ ಹೊದ್ದು ಮಲಗ್ತಿದ್ರು, ಅವರಿಗೆ ಯಾವ ಫಿನಿಶಿಂಗ್ ಇತ್ತು?" ಅಂತ. ಇದನ್ನ ನಾನು ಒಪ್ಪಲ್ಲ. ಅವರು ನಮಗಿಂತ ಚೆನ್ನಾಗಿ ಮುಗಿಸ್ತಿದ್ರು. ಹುಲ್ಲಿನ ಬಣವೆ ಒಟ್ಟಿದ ಮೇಲೆ ನೆತ್ತಿ ಕಟ್ಟದೆ ಯಾರೂ ಇಳೀತಿರಲಿಲ್ಲ. ನೆತ್ತಿ ಸರಿ ಇಲ್ಲದ ಬಣವೆ ಅಂದ್ರೆ ವರ್ಷದ ಮೇವು ಕೊಳೆತ ಹಾಗೆ. ಹಗೇವಿಗೆ ರಾಗಿ ತುಂಬಿದ ಮೇಲೆ ಬಾಯಿಗೆ ಹುಲ್ಲು ಹಾಕಿ ಮಣ್ಣು ಮೆತ್ತಿ ಮುಚ್ಚೋ ಶಿಸ್ತು ಇತ್ತು, ಅದಕ್ಕೇ ರಾಗಿ ವರ್ಷಗಟ್ಟಲೆ ಕೆಡದೆ ಇರ್ತಿತ್ತು. ಅಟ್ಟಣೆ ಕೂಡ ನೆಲ ಬಿಟ್ಟು ಮೇಲಿತ್ತು ನೋಡಿ. ಹಾವಿನ ಲೆಕ್ಕ ಅವರಿಗೆ ಗೊತ್ತಿತ್ತು. "ನಡೆಯುತ್ತೆ ಬಿಡು" ಅನ್ನೋದು ಅಪ್ಪಂದಿರಿಂದ ಬಂದಿದ್ದಲ್ಲ. ಶೀಟು, ಸಿಮೆಂಟು, ಗುತ್ತಿಗೆ ಕೆಲಸ ಬಂದ ಮೇಲೆ ನಾವೇ ರೂಢಿ ಮಾಡಿಕೊಂಡಿದ್ದು.

ಇನ್ನೊಂದು ಮಾತು, "ಒಬ್ಬ ಮಲಗೋಕೆ ಇಷ್ಟು ಖರ್ಚಾ?" ಅನ್ನೋದು. ಟ್ರ್ಯಾಕ್ಟರಿಗೆ ಶೆಡ್ಡು ಕಟ್ಟುವಾಗ ಯಾರೂ ಹೀಗೆ ಕೇಳಲ್ಲ. ಮೋಟಾರಿಗೆ ಮನೆ, ಗೊಬ್ಬರಕ್ಕೆ ಮನೆ, ಅದನ್ನ ಕಾಯೋ ಮನುಷ್ಯನಿಗೆ ಮಾತ್ರ ಚೀಲ! ನಿದ್ದೆಗೆಟ್ಟವನು ಬೆಳಗ್ಗೆ ಬ್ರಷ್‌ಕಟರ್ ಹಿಡೀಬೇಕು, ತೆಂಗಿನ ಮರ ಹತ್ತಿಸಬೇಕು, ಹಸು ಕರೀಬೇಕು. ರೈತನ ನಿದ್ದೆಯನ್ನೂ ಬೇಸಾಯದ ಖರ್ಚಿನಲ್ಲೇ ಬರೆಯಬೇಕು ಅನ್ನೋದು ನನ್ನ ವಾದ.

ಗೂಡು ನೋಡೋಕೆ ಬಂದ ಗಂಡಸರೆಲ್ಲ ಕೇಳಿದ್ದು "ಎಷ್ಟಾಯ್ತು?" ಅಂತ. ನಮ್ಮೂರಲ್ಲಿ ಒಬ್ಬ ತಾಯಿ ಇದಾರೆ, ಯಜಮಾನರು ಹೋದ ಮೇಲೆ ಎರಡು ಎಕರೆ ಒಬ್ಬರೇ ನೋಡಿಕೊಳ್ತಾರೆ. ಅವರು ದುಡ್ಡಿನ ಮಾತೇ ಎತ್ತಲಿಲ್ಲ. "ಒಳಗಿಂದ ಚಿಲಕ ಹಾಕಬೋದೇನಪ್ಪಾ?" ಅಂದ್ರು. ಹಾಕಬಹುದು ಅಂತ ತೋರಿಸಿದೆ. ಎರಡು ಸಲ ಹಾಕಿ ತೆಗೆದು ನೋಡಿದ್ರು. ರಾತ್ರಿ ಪಾಳಿ ಕರೆಂಟಿಗೆ ಅವರು ಇಷ್ಟು ವರ್ಷ ತಮ್ಮನನ್ನ ಕರೆಸಿಕೊಳ್ತಿದ್ರು, ಅವನು ಬರದ ದಿನ ಪೈರು ಒಣಗ್ತಿತ್ತು. ಈಗ ಅವರ ಪಾಳಿ ಇದ್ದ ರಾತ್ರಿ ಗೂಡು ಅವರ ಬದುವಿನಲ್ಲಿರುತ್ತೆ. ಆ ಚಿಲಕ ಮುಗಿಸೋ ಕೆಲಸದ ಪಟ್ಟಿಯಲ್ಲಿ ಕೊನೇದಾಗಿತ್ತು. ಮುಕ್ಕಾಲು ಕೆಲಸಕ್ಕೆ ಕೈ ತೊಳೆದುಕೊಂಡಿದ್ರೆ ಗೂಡು ನನ್ನ ಪಾಲಿಗೆ ಇರ್ತಿತ್ತು, ಅವರ ಪಾಲಿಗೆ ಇರ್ತಿರಲಿಲ್ಲ.

ಕೊನೆಗೆ ಕಾನೂನಿನ ಮಾತು, ಯಾಕಂದ್ರೆ ಫೋಟೋ ನೋಡಿದ ಹುಡುಗರು ಕಾರಿಗೆ ಸಿಕ್ಕಿಸಿಕೊಂಡು ಚಿಕ್ಕಮಗಳೂರಿಗೆ ಹೊರಡೋ ಉಮೇದಿನಲ್ಲಿದಾರೆ. ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ವಾಹನವೇ. 39ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದೆ ಸಾರ್ವಜನಿಕ ರಸ್ತೆಗೆ ಇಳಿಸೋ ಹಾಗಿಲ್ಲ. ನನ್ನ ಗೂಡು ಟಿಲ್ಲರಿಗೆ ಸಿಕ್ಕಿಕೊಂಡು ಹೊಲದಿಂದ ಹೊಲಕ್ಕೆ ನಡಿಗೆ ವೇಗದಲ್ಲಿ ಹೋಗುತ್ತೆ, ಡಾಂಬರು ಮುಟ್ಟಲ್ಲ. ಕಾನೂನು ಸಡಿಲ ಆಗಲಿ ಅಂತ ನಾನು ಹೇಳಲ್ಲ. ಕಬ್ಬಿನ ಕಾಲದಲ್ಲಿ ಹಿಂದೆ ಒಂದು ಕೆಂಪು ರಿಫ್ಲೆಕ್ಟರೂ ಇಲ್ಲದ ಟ್ರೇಲರಿಗೆ ರಾತ್ರಿ ಬೈಕು ಗುದ್ದೋದನ್ನ ಎಲ್ಲರೂ ನೋಡಿದೀವಿ. ಅದೂ "ನಡೆಯುತ್ತೆ ಬಿಡು" ಅನ್ನೋದರ ಇನ್ನೊಂದು ಮುಖವೇ. ನಾನು ಕೇಳೋದು ಒಂದು ದಾರಿ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಮನೇಲಿ ಕಟ್ಟಿದ ಟ್ರೇಲರನ್ನ ಪರೀಕ್ಷೆ ಮಾಡಿಸಿ ನಂಬರ್ ಪಡೆಯೋ ವ್ಯವಸ್ಥೆ ಇದೆ. ನಮ್ಮಲ್ಲಿ ವಾಹನ ತಯಾರು ಮಾಡೋರು ಮಾದರಿಯನ್ನ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಬೇಕು ಅನ್ನೋದು ನಿಯಮ. ಕಂಪನಿಗಳಿಗೆ ಅದು ಸರಿ. ಒಂದೇ ಒಂದು ಗೂಡು ಕಟ್ಟಿದ ರೈತನಿಗೆ, ವೆಲ್ಡಿಂಗ್ ಅಂಗಡಿಯ ಹುಡುಗನಿಗೆ ತಾಲ್ಲೂಕು ಮಟ್ಟದಲ್ಲಿ ಬೆಸುಗೆ, ಲೈಟು, ತೂಕ ನೋಡಿ ಹೌದು ಅಥವಾ ಇಲ್ಲ ಅನ್ನೋ ಒಬ್ಬ ಅಧಿಕಾರಿ ಸಾಕು. ಪರೀಕ್ಷೆ ಇದೆ ಅಂತ ಗೊತ್ತಿದ್ರೆ ಜನ ಕೆಲಸ ಪೂರ್ತಿ ಮುಗಿಸ್ತಾರೆ.

ಅಲ್ಲೀವರೆಗೆ ಗೂಡು ಕಟ್ಟೋದೇ ಬೇಡ, ನಿಮ್ಮ ಪಂಪ್‌ಹೌಸಿಗೇ ಒಂದು ಸಂಜೆ ಕೊಡಿ. ನೆಲದಿಂದ ಎತ್ತರಕ್ಕೆ ಒಂದು ಮಂಚ, ಬಾಗಿಲ ಕೆಳಗಿನ ಸಂದಿಗೆ ಒಂದು ಪಟ್ಟಿ, ಸ್ಟಾರ್ಟರಿಗೆ ಮುಚ್ಚಳ, ಸೊಳ್ಳೆಪರದೆ, ಒಳಗಿಂದ ಚಿಲಕ. ಹೊಸದಾಗಿ ಏನೂ ಶುರು ಮಾಡೋದು ಬೇಡ, ಶುರು ಮಾಡಿ ಬಿಟ್ಟಿರೋದನ್ನ ಮುಗಿಸಿದ್ರೆ ಸಾಕು.