ಇರುಳುಗಣ್ಣಿನ ಸಾಕ್ಷ್ಯ

ದೀಪ ಹಚ್ಚುವ ಹೊತ್ತು. ಕೇರಿಯ ಮಕ್ಕಳೆಲ್ಲ ಇನ್ನೂ ಆಡುತ್ತಿರುವಾಗ ಮೂರು ವರ್ಷದ ಒಂದು ಮಗು ಮಾತ್ರ ಜಗಲಿಯ ಗೋಡೆಗೆ ಒರಗಿ ಕುಳಿತುಬಿಡುತ್ತದೆ. ಹಗಲೆಲ್ಲ ಕುಣಿದಾಡಿದ ಮಗುವೇ ಅದು. ಮುಂದಿಟ್ಟ ತಟ್ಟೆಯನ್ನು ಕೈಯಿಂದ ತಡವಿ ಹುಡುಕುತ್ತದೆ. ಕತ್ತಲೆಗೆ ಹೆದರಿತೆಂದು ಮನೆಯವರು ನಗಬಹುದು. ಆದರೆ ಅದು ಹೆದರಿಕೆಯಲ್ಲ. ನಮ್ಮ ಹಿರಿಯರು ಇರುಳುಗಣ್ಣು ಎಂದು ಕರೆದ ಇರುಳುಗುರುಡು.

ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ವರ್ಣದ್ರವ್ಯವು ಕಣ್ಣಿನ ಅಕ್ಷಿಪಟಲದಲ್ಲಿ ಎ ಜೀವಸತ್ವದಿಂದ ಸಿದ್ಧವಾಗುತ್ತದೆ. ಆ ಜೀವಸತ್ವ ಬರಿದಾದಾಗ ಮೊದಲು ಇರುಳಿನ ನೋಟ ಕುಂದುತ್ತದೆ. ಆಮೇಲೆ ಬಿಳಿಗುಡ್ಡೆ ಒಣಗಿ ನೊರೆಯಂತಹ ಚುಕ್ಕೆಗಳು ಮೂಡುತ್ತವೆ. 1863ರಲ್ಲಿ ಇವನ್ನು ವರ್ಣಿಸಿದ ಫ್ರಾನ್ಸಿನ ವೈದ್ಯ ಬಿಟಾಟ್ ಅವರ ಹೆಸರೇ ಈ ಚುಕ್ಕೆಗಳಿಗೆ ಉಳಿದಿದೆ. ಇನ್ನೂ ಅಲಕ್ಷಿಸಿದರೆ ಕಾರ್ನಿಯ ಕರಗಿ ದೃಷ್ಟಿ ಶಾಶ್ವತವಾಗಿ ನಷ್ಟವಾಗುತ್ತದೆ. ಹಾನಿ ಕಣ್ಣಿಗಷ್ಟೇ ಸೀಮಿತವಲ್ಲ. ಇಂಡೊನೇಷ್ಯದ ಆಚೆ ಪ್ರಾಂತದ 450 ಹಳ್ಳಿಗಳಲ್ಲಿ ಆಲ್ಫ್ರೆಡ್ ಸಾಮರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದ ಫಲಿತಾಂಶವು 1986ರಲ್ಲಿ ಪ್ರಕಟವಾಯಿತು. ಜೀವಸತ್ವವನ್ನು ಹಂಚಿದ ಹಳ್ಳಿಗಳಲ್ಲಿ ಎಳೆಯ ಮಕ್ಕಳ ಸಾವು ಶೇಕಡ 34ರಷ್ಟು ಕಡಿಮೆಯಾಗಿತ್ತು. ಆದರೆ 2013ರಲ್ಲಿ ಪ್ರಕಟವಾದ ಉತ್ತರ ಪ್ರದೇಶದ ಬೃಹತ್ ಪ್ರಯೋಗದಲ್ಲಿ ಕಂಡುಬಂದ ಪ್ರಯೋಜನ ತೀರ ಅಲ್ಪ. ಒಂದೇ ಔಷಧ ಎಲ್ಲ ಕಡೆಯೂ ಒಂದೇ ಫಲವನ್ನು ಕೊಡಲಿಲ್ಲ.

ಆದುದರಿಂದ ಕೊರತೆ ಎಲ್ಲಿದೆ, ಎಷ್ಟಿದೆ ಎಂದು ಅಳೆಯುವುದೇ ಮೊದಲ ಕೆಲಸವೆಂದು ನನ್ನ ಅಭಿಪ್ರಾಯ. ರಕ್ತವನ್ನು ಪರೀಕ್ಷಿಸಿದರಾಯಿತು ಎಂದು ನೀವು ತಟ್ಟನೆ ಹೇಳಬಹುದು. ರಕ್ತರಸದ ಒಂದು ಡೆಸಿಲೀಟರಿನಲ್ಲಿ ರೆಟಿನಾಲ್, ಅಂದರೆ ಎ ಜೀವಸತ್ವ, 20 ಮೈಕ್ರೋಗ್ರಾಮಿಗಿಂತ ಕಡಿಮೆಯಿದ್ದರೆ ಕೊರತೆಯೆಂದು ಎಣಿಸುವುದುಂಟು. ಆದರೆ ರಕ್ತ ಪೂರ್ತಿ ನಂಬತಕ್ಕ ಸಾಕ್ಷಿಯಲ್ಲ. ಪಿತ್ತಜನಕಾಂಗವು ಈ ಜೀವಸತ್ವದ ಕಣಜ. ಕಣಜದ ತಳ ಕಾಣುವವರೆಗೂ ಅದು ರಕ್ತಕ್ಕೆ ಬೇಕಾದಷ್ಟನ್ನು ಅಳೆದು ಕೊಡುತ್ತಲೇ ಇರುತ್ತದೆ; ಬಡತನ ಹೊರಗೆ ಕಾಣುವುದಿಲ್ಲ. ಇನ್ನೊಂದೆಡೆ, ಸೋಂಕು ತಗುಲಿದ ಮಗುವಿನ ಕಣಜ ತುಂಬಿದ್ದರೂ ರಕ್ತದಲ್ಲಿ ರೆಟಿನಾಲ್ ಕೆಲವು ದಿನ ಇಳಿದಿರುತ್ತದೆ. ಸೋಂಕನ್ನು ಸೂಚಿಸುವ ಪ್ರೋಟೀನನ್ನೂ ಜೊತೆಯಲ್ಲಿ ಅಳೆಯದೆ ಆ ಅಂಕಿಯಿಂದ ತೀರ್ಮಾನಕ್ಕೆ ಬರುವುದು ಸಲ್ಲದು.

ಇನ್ನೊಬ್ಬ ಸಾಕ್ಷಿಯಿದ್ದಾಳೆ; ಆಕೆ ತಾಯಿ. ಮಗುವಿಗೆ ಹಗಲು ಕಣ್ಣು ಚೆನ್ನಾಗಿ ಕಾಣುತ್ತದೆಯೆ, ಸಂಜೆಯಾದ ಮೇಲೆ ಹೇಗೆ ಎಂದು ಆಕೆಯನ್ನು ಕೇಳಬೇಕು. ರೋಗಕ್ಕೆ ಆ ಊರಿನಲ್ಲಿರುವ ಹೆಸರನ್ನೇ ಹಿಡಿದು ಕೇಳಬೇಕು. ಗ್ರಂಥದ ಹೆಸರನ್ನು ಹೇಳಿದರೆ ಆಕೆ ಸುಮ್ಮನೆ ತಲೆಯಾಡಿಸಿಯಾಳು. ಎರಡು ವರ್ಷ ತುಂಬದ ಕೂಸಿನ ವಿಷಯದಲ್ಲಿ ಈ ಪ್ರಶ್ನೆಯೂ ನಡೆಯದು. ಕತ್ತಲೆಯಲ್ಲಿ ತಾನಾಗಿ ಓಡಾಡದ ಕೂಸು ಎಡವುವುದನ್ನು ಯಾರು ಕಂಡಾರು? ಅಲ್ಲಿ ತಾಯಿಯ ಸ್ಥಿತಿಯನ್ನೇ ನೋಡಬೇಕಾಗುತ್ತದೆ. ಹುಟ್ಟುವಾಗ ಕೂಸಿನ ಕಣಜದಲ್ಲಿರುವುದು ಅತ್ಯಲ್ಪ. ಅದನ್ನು ತುಂಬುವುದು ಎದೆಹಾಲು. ತಾಯಿಯೇ ಬರಿದಾಗಿದ್ದರೆ ಹಾಲೂ ಬಡವಾಗುತ್ತದೆ.

ನೇಪಾಳದ ಸರ್ಲಾಹಿ ಜಿಲ್ಲೆಯಲ್ಲಿ 1990ರ ದಶಕದಲ್ಲಿ ಸಂಶೋಧಕರು ವಿಚಾರಿಸಿದಾಗ ಅನೇಕ ಗರ್ಭಿಣಿಯರು ತಮಗೆ ಇರುಳು ಕಣ್ಣು ಕಾಣದೆಂದರು. ಬಸಿರಿನಲ್ಲಿ ಇದು ಸಹಜವೆಂದೇ ಅಲ್ಲಿನ ಹೆಂಗಸರ ತಿಳಿವಳಿಕೆ. ಹೆರಿಗೆಯ ನಂತರ ಅದು ತಾನಾಗಿ ಕಡಿಮೆಯಾಗುತ್ತಿದ್ದುದರಿಂದ ಆಸ್ಪತ್ರೆಯ ಬಾಗಿಲಿಗೆ ಈ ದೂರು ಬರುತ್ತಿರಲಿಲ್ಲ. ಕಳೆದ ಬಸಿರಿನಲ್ಲಿ ನೂರಕ್ಕೆ ಐವರು ತಾಯಂದಿರಿಗೆ ಇರುಳುಗುರುಡು ಇದ್ದರೂ ಅದನ್ನು ಆ ಪ್ರದೇಶದ ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಪರಿಗಣಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲು.

ನಮ್ಮ ದೇಶದಲ್ಲಿ 1970ರಿಂದಲೂ ಎಳೆಯ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಈ ಜೀವಸತ್ವವನ್ನು ಕುಡಿಸುವ ಕಾರ್ಯಕ್ರಮವಿದೆ. 2016–18ರ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯು ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಶೇಕಡ 18 ಮಂದಿಗೆ ಕೊರತೆಯಿರುವುದನ್ನು ಕಂಡುಕೊಂಡಿತು. ಶ್ಲಾಘ್ಯವಾದ ಕೆಲಸ. ಆದರೆ ಅದು ಮಕ್ಕಳ ಮತ್ತು ಹದಿಹರೆಯದವರ ರಕ್ತವನ್ನು ನೋಡಿತೇ ಹೊರತು ತಾಯಂದಿರದನ್ನು ನೋಡಲಿಲ್ಲ. ಕಾಲುವೆಯ ನೀರನ್ನು ಅಳೆದು, ಕೆರೆಯ ಕಡೆಗೆ ತಿರುಗಿಯೂ ನೋಡದೆ ಬಂದಂತಾಯಿತು.

ಹೆಂಗಸರ ಬಾಯಿಮಾತು ವಿಜ್ಞಾನವಲ್ಲ, ನೆನಪು ತಪ್ಪಬಹುದು ಎಂದು ಆಕ್ಷೇಪಿಸುವವರಿದ್ದಾರೆ. ನಿಜ, ತಪ್ಪಬಹುದು. ರಕ್ತವೂ ತಪ್ಪು ಹೇಳುವುದನ್ನು ಈಗಾಗಲೇ ಕಂಡೆವು. ಎರಡನ್ನೂ ಒಟ್ಟಿಗೆ ಕೇಳಿದರೆ ಒಂದರ ತಪ್ಪನ್ನು ಇನ್ನೊಂದು ತಿದ್ದೀತು. ಕೊರತೆಯಿದೆಯೆಂದು ಗರ್ಭಿಣಿಗೆ ದೊಡ್ಡ ಪ್ರಮಾಣದ ಔಷಧವನ್ನು ಕುಡಿಸುವಂತೆಯೂ ಇಲ್ಲ. ಅದರಿಂದ ಗರ್ಭದ ಶಿಶುವಿಗೆ ಹಾನಿಯಾದೀತು. ಸೊಪ್ಪು, ಹಳದಿ ತಿರುಳಿನ ಹಣ್ಣು, ಹಾಲು, ಮೊಟ್ಟೆ, ಜೊತೆಗೆ ಒಂದಿಷ್ಟು ಎಣ್ಣೆ ಆಕೆಯ ತಟ್ಟೆಗೂ ಬೀಳಬೇಕು. ಎಲ್ಲರಿಗೂ ಬಡಿಸಿ ಮಿಕ್ಕಿದ್ದನ್ನು ಉಣ್ಣುವವಳು ಆಕೆಯೇ ಅಲ್ಲವೆ? ಯಾರ ತಟ್ಟೆಯತ್ತ ಮೊದಲು ಗಮನ ಹರಿಸಬೇಕೆಂಬುದು ವಿಚಾರಿಸಿದಾಗಲೇ ತಿಳಿಯುವುದು. ಅಂಗನವಾಡಿಗೆ ಕೂಸನ್ನು ಎತ್ತಿಕೊಂಡು ಬಂದವಳನ್ನು, “ಬಸಿರಿನಲ್ಲಿ ಸಂಜೆಯ ಮೇಲೆ ನಿಮಗೆ ಕಣ್ಣು ಕಾಣುತ್ತಿತ್ತೇನಮ್ಮ?” ಎಂದು ಕೇಳಲು ಅರ್ಧ ನಿಮಿಷವೂ ಬೇಡ.